ಕಾಣದ ಸರಕು, ಕಾಣದ ಗಿರಾಕಿ

ವಿಜಯನಗರದ ಸಹೋದರಿಯೊಬ್ಬರ ಪತ್ರ ಕಳೆದ ತಿಂಗಳು ಕೈಸೇರಿತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತಿಗೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ಕೆಲಸ. ಇವರು ಮೂರು ವರ್ಷಗಳಿಂದ ಮನೆಯಲ್ಲಿದ್ದುಕೊಂಡೇ ಫೋನಿನ ಮೂಲಕ ಕುರ್ತಿ, ನೈಟಿ, ದುಪಟ್ಟಾ ಮಾರುತ್ತಿದ್ದಾರೆ. ಅವರ ಅಳಲು ಇಷ್ಟು: ವ್ಯಾಪಾರ ನಡೆಯುತ್ತಿದೆ, ಆದರೆ ಬರಕತ್ ಕಾಣುತ್ತಿಲ್ಲ. ರಾತ್ರಿ ಹನ್ನೆರಡಕ್ಕೂ ಮೆಸೇಜ್ ಬರುತ್ತದೆ. ನಮಾಝಿಗೆ ನಿಂತರೂ ಮನಸ್ಸು ಫೋನಿನಲ್ಲೇ ಇರುತ್ತದೆ. ಯಾರದೋ ಅಂಗಡಿಯ ಫೋಟೋ ತೋರಿಸಿ ಮಾರುವುದು ಹಲಾಲೋ ಅಲ್ಲವೋ ಎಂಬ ಅನುಮಾನ ಬೇರೆ. ಬಿಟ್ಟುಬಿಡಲೇ ಎಂದು ಕೇಳಿದ್ದಾರೆ.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಗೋರಿಪಾಳ್ಯ, ಪಾದರಾಯನಪುರದ ಕಡೆ ನಮ್ಮ ತಾಯಂದಿರು ಮನೆಯಲ್ಲಿ ಕುಳಿತು ಅಗರಬತ್ತಿ ಹೊಸೆಯುತ್ತಿದ್ದರು. ಸಾವಿರ ಕಡ್ಡಿಗೆ ಇಂತಿಷ್ಟು ಎಂದು ಕೂಲಿ. ಸಂಜೆ ಹಲಗೆ ಎತ್ತಿಟ್ಟರೆ ಆ ದಿನದ ದುಡಿಮೆ ಮುಗಿಯಿತು. ಅವರ ಹೆಣ್ಣುಮಕ್ಕಳ ಕೈಗೆ ಈಗ ಫೋನ್ ಬಂದಿದೆ. 2020ರ ಏಪ್ರಿಲ್‌ನಲ್ಲಿ ಪಾದರಾಯನಪುರ ಸೀಲ್‌ಡೌನ್ ಆಗಿ, ದಿನಗೂಲಿಯ ಗಂಡಸರೂ ಮನೆಯಲ್ಲಿ ಕೂರಬೇಕಾಗಿ ಬಂದ ಕಾಲದಲ್ಲಿ ಈ ದಾರಿ ಹಿಡಿದವರು ಹಲವರು. ಕೂಲಿ ಕೆಲಸಕ್ಕಿಂತ ಇದರಲ್ಲಿ ಮಾನ ಹೆಚ್ಚು, ಸ್ವಾತಂತ್ರ್ಯ ಹೆಚ್ಚು. ಆದರೆ ಎತ್ತಿಟ್ಟು ಏಳಲು ಇಲ್ಲಿ ಹಲಗೆ ಇಲ್ಲ.

ಮೊದಲು ಹಲಾಲಿನ ಪ್ರಶ್ನೆಗೆ ಬರೋಣ. ಅದು ಇತ್ಯರ್ಥವಾಗದೆ ಮನಸ್ಸಿಗೆ ನೆಮ್ಮದಿ ಬರುವುದಿಲ್ಲ.

ಹಕೀಮ್ ಬಿನ್ ಹಿಝಾಮ್(ರ) ಎಂಬ ಸಹಾಬಿ ವ್ಯಾಪಾರಿಯಾಗಿದ್ದರು. ಗಿರಾಕಿ ಬಂದು ತಮ್ಮಲ್ಲಿಲ್ಲದ ಸಾಮಾನು ಕೇಳಿದರೆ ಮೊದಲು ಮಾರಿ, ಆಮೇಲೆ ಸಂತೆಯಿಂದ ತಂದು ಕೊಡಬಹುದೇ ಎಂದು ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂಬ ಅರ್ಥದ ಉತ್ತರ ಬಂತು. ತಿರ್ಮಿದಿ, ಅಬೂದಾವೂದ್ ಮುಂತಾದ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ಹದಿನಾಲ್ಕು ಶತಮಾನ ಹಿಂದಿನ ಈ ಪ್ರಶ್ನೆಯನ್ನು ಇಂದಿನ ಸಹೋದರಿಯೇ ಬರೆದು ಕಳಿಸಿದಂತಿದೆ. ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಯವರೋ ಸೂರತ್ತಿನವರೋ ಕಳಿಸಿದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ, ಗಿರಾಕಿಯಿಂದ ಹಣ ಪಡೆದು, ಆ ನಂತರ ಸರಕು ಹುಡುಕುವುದು ಇದೇ ತಾನೇ? ಅಲ್ಲಿ ಸ್ಟಾಕ್ ಮುಗಿದಿದ್ದರೆ ಇವರು ಗಿರಾಕಿಗೆ ಹೇಳುವುದೇನು? ಬೇರೆ ಬಣ್ಣ ಬಂದರೆ? ಬಟ್ಟೆಯನ್ನು ಇವರೂ ನೋಡಿಲ್ಲ, ಅವರೂ ನೋಡಿಲ್ಲ. ಜಗಳ ಹುಟ್ಟುವುದು ಇಲ್ಲೇ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಕರ್ಮಶಾಸ್ತ್ರದಲ್ಲಿ ದಾರಿಗಳಿವೆ. ಹತ್ತು ಪೀಸಾದರೂ ಸರಿ, ಕೊಂಡು ತಂದು ಮನೆಯಲ್ಲಿಟ್ಟು ಮಾರುವುದು ಒಂದು. ವಿಜಯನಗರದಿಂದ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿದರೆ ಚಿಕ್ಕಪೇಟೆ, ರಾಜಾಜಿನಗರದವರಿಗೆ ಬದಲಿಸುವ ಕೆಲಸವೂ ಇಲ್ಲ. ಅಷ್ಟು ಬಂಡವಾಳ ಇಲ್ಲದಿದ್ದರೆ ಏಜೆಂಟರಾಗಿ ನಿಲ್ಲಬಹುದು. ಸರಕು ಇಂಥವರದು, ತರಿಸಿಕೊಡುವುದಕ್ಕೆ ನನಗೆ ಕಮಿಷನ್ ಇದೆ ಎಂದು ಹೋಲ್‌ಸೇಲಿನವರ ಜೊತೆ ಮೊದಲೇ ಮಾತಾಡಿಕೊಂಡು ಮಾಡುವುದು. ಇದಕ್ಕೆ ವಕಾಲತ್ ಎನ್ನುತ್ತಾರೆ. ಹೊಲಿಗೆ ಬಲ್ಲವರಿಗೆ ಇನ್ನೂ ಸುಲಭ. ಅಳತೆ, ಬಟ್ಟೆ, ಬೆಲೆ, ಕೊಡುವ ದಿನ ಎಲ್ಲ ನಿಗದಿಪಡಿಸಿ ಆರ್ಡರ್ ತೆಗೆದುಕೊಳ್ಳುವುದನ್ನು ಇಸ್ತಿಸ್ನಾ ಎಂದು ಹನಫೀ ಇಮಾಮರು ಒಪ್ಪಿದ್ದಾರೆ.

ಇನ್ನೊಂದು ಮಸ್‌ಅಲೆಯನ್ನು ಆನ್‌ಲೈನಿನಲ್ಲಿ ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. ಅದರ ಹೆಸರು ಖಿಯಾರೆ ರೂಯತ್, ಅಂದರೆ ನೋಡಿದ ಮೇಲಿನ ಆಯ್ಕೆ. ಹನಫೀ ಮದ್ಹಬಿನ ಪ್ರಕಾರ, ವಸ್ತುವನ್ನು ನೋಡದೆ ಕೊಂಡವನಿಗೆ ಅದು ಕಣ್ಣಿಗೆ ಬಿದ್ದಾಗ ಒಪ್ಪುವ ಅಥವಾ ಹಿಂದಿರುಗಿಸುವ ಹಕ್ಕು ಇದೆ. ವಸ್ತುವಿನಲ್ಲಿ ದೋಷ ಇರಲೇಬೇಕೆಂದೇನೂ ಇಲ್ಲ. ನೋಡುವುದಕ್ಕೆ ಮೊದಲೇ ನನಗೆ ಒಪ್ಪಿಗೆ ಎಂದು ಬಾಯಲ್ಲಿ ಹೇಳಿದ್ದರೂ ಆ ಹಕ್ಕು ಹೋಗುವುದಿಲ್ಲ. ಕೂಫಾ, ಬಗ್ದಾದಿನ ಆ ಫುಕಹಾಗಳ ಕಾಲದಲ್ಲಿ ಫೋನೂ ಇರಲಿಲ್ಲ, ಕೊರಿಯರೂ ಇರಲಿಲ್ಲ. ದೂರದ ಊರಿನಲ್ಲಿರುವ ಸರಕನ್ನು ಬರಿಯ ಮಾತಿನ ಮೇಲೆ ಕೊಳ್ಳುವವನ ಕಷ್ಟ ಮಾತ್ರ ಅವರಿಗೆ ಚೆನ್ನಾಗಿ ತಿಳಿದಿತ್ತು. ಶಾಫಿಈ ಮದ್ಹಬಿನಲ್ಲಿ ಕಾಣದ ವಸ್ತುವಿನ ಮಾರಾಟದ ನಿಯಮ ಇನ್ನೂ ಬಿಗಿಯಾಗಿದೆ. ಕರಾವಳಿಯ ಓದುಗರು ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಗ್ರೂಪುಗಳಲ್ಲಿ ಏನಿದೆ? "ನೋ ರಿಟರ್ನ್, ನೋ ಎಕ್ಸ್‌ಚೇಂಜ್". ಮೇಲೆ ಬಿಸ್ಮಿಲ್ಲಾಹ್, ಕೆಳಗೆ ಈ ವಾಕ್ಯ! ಗಿರಾಕಿಗಳಲ್ಲಿ ತಂಟೆಕೋರರು ಇರುತ್ತಾರೆ, ಒಂದು ಮದುವೆಗೆ ಉಟ್ಟು ವಾಪಸ್ ಕಳಿಸುವವರೂ ಇರುತ್ತಾರೆ, ಒಪ್ಪುತ್ತೇನೆ. ಉಟ್ಟು ಬಳಸಿದವರಿಗೆ ಈ ಹಕ್ಕು ಉಳಿಯುವುದಿಲ್ಲ. ಅಳತೆ ಕೊಟ್ಟು ಹೊಲಿಸಿದ್ದು ಹೇಳಿದಂತೆಯೇ ಬಂದಿದ್ದರೆ ತಿರಸ್ಕರಿಸುವಂತಿಲ್ಲ ಎಂಬುದು ಇಮಾಮ್ ಅಬೂ ಯೂಸುಫರ ಅಭಿಪ್ರಾಯ. ಕತ್ತರಿಸಿದ ಬಟ್ಟೆ ಕುಶಲಕರ್ಮಿಯ ಕೈಯಲ್ಲೇ ಉಳಿದು ನಷ್ಟವಾಗಬಾರದಲ್ಲವೇ? ಇಷ್ಟು ಬಿಟ್ಟರೆ, ನೋಡದೆ ಕೊಂಡವರ ಮುಖದ ಮೇಲೆ ಬಾಗಿಲು ಹಾಕುವುದು ನ್ಯಾಯವಲ್ಲ. ದೇಶದ ಕಾನೂನೂ ಈ ಕಡೆಗೇ ಬಂದಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರು ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ.

ರಿಟರ್ನ್ ಕಡಿಮೆ ಮಾಡುವ ದಾರಿ ಬೇರೆಯೇ ಇದೆ. ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ಒದ್ದೆ ತಗುಲಿದ ಘಟನೆ ಸಹೀಹ್ ಮುಸ್ಲಿಮಿನಲ್ಲಿದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನ ಕಾಣುವಂತೆ ಮೇಲೆ ಹಾಕಬೇಕಿತ್ತು ಎಂದು ಪ್ರವಾದಿವರ್ಯರು(ಸ) ಅವನಿಗೆ ತಿಳಿಸಿದರು. ಮಳೆ ಅವನ ತಪ್ಪಲ್ಲ, ಅಡಗಿಸಿದ್ದು ತಪ್ಪು. ಆನ್‌ಲೈನಿನಲ್ಲಿ ಗಿರಾಕಿಯ ಕೈ ರಾಶಿಯೊಳಗೆ ಹೋಗುವುದೇ ಇಲ್ಲ. ಆದ್ದರಿಂದ ಆ ಕೈಯ ಕೆಲಸವನ್ನೂ ಮಾರುವವರೇ ಮಾಡಬೇಕು.

ಹೇಗೆ? ಹೋಲ್‌ಸೇಲಿನವರ ಮಾಡೆಲ್ ಫೋಟೋ ಬಿಡಿ. ಬೆಳಗ್ಗೆ ಹತ್ತು ಗಂಟೆಯ ಬೆಳಕಿಗೆ ಕಿಟಕಿಯ ಬಳಿ ಬಟ್ಟೆ ಹಾಸಿ ನೀವೇ ಫೋಟೋ ತೆಗೆಯಿರಿ, ಬಣ್ಣ ತಿದ್ದುವ ಫಿಲ್ಟರ್ ಹಾಕಬೇಡಿ. ಒಳಭಾಗದ ಹೊಲಿಗೆಯನ್ನೂ ತೋರಿಸಿ. ರೇಯಾನನ್ನು ಕಾಟನ್ ಎನ್ನಬೇಡಿ, ಆರ್ಟ್ ಸಿಲ್ಕನ್ನು ರೇಷ್ಮೆ ಎನ್ನಬೇಡಿ. ಎಕ್ಸ್‌ಎಲ್ ಎಂದು ಬರೆದರೆ ಸಾಲದು, ಒಬ್ಬ ಕಂಪನಿಯ ಎಕ್ಸ್‌ಎಲ್ ಇನ್ನೊಬ್ಬರ ಎಲ್ಲಿಗೆ ಸಮ. ಟೇಪ್ ಹಿಡಿದು ಎದೆ, ತೋಳು, ಉದ್ದ ಇಷ್ಟಿಷ್ಟು ಇಂಚು ಎಂದು ಬರೆಯಿರಿ. ಪ್ರತಿ ಲಾಟಿನಿಂದ ಒಂದು ಪೀಸ್ ನೀವೇ ಒಗೆದು ನೋಡಿ. ಬಣ್ಣ ಬಿಟ್ಟರೆ "ಮೊದಲೆರಡು ಒಗೆತ ಬೇರೆಯಾಗಿ ಒಗೆಯಿರಿ" ಎಂದು ಮಾರುವ ಮೊದಲೇ ಹೇಳಿಬಿಡಿ. ನಾಲ್ಕು ಜನ ಬೇಡ ಎನ್ನಬಹುದು. ಕೊಂಡವರು ಮಾತ್ರ ಮತ್ತೆ ಬರುತ್ತಾರೆ, ತಂಗಿಯನ್ನೂ ಕರೆತರುತ್ತಾರೆ. ಬಸವೇಶ್ವರನಗರದಲ್ಲಿ ಮನೆಯಿಂದಲೇ ಸೀರೆ ಮಾರುವ ಒಬ್ಬ ಹಿಂದೂ ಸಹೋದರಿ ನನಗೆ ಪರಿಚಯ. ಸೀರೆಯಲ್ಲಿ ಒಂದು ನೂಲು ಎಳೆದಿದ್ದರೂ ಅದಕ್ಕೆ ಕೆಂಪು ದಾರ ಕಟ್ಟಿ ಅದರದೇ ಫೋಟೋ ಮೊದಲು ಕಳಿಸುತ್ತಾರೆ. "ಅಕ್ಕಾ, ನೀವು ಹೇಳಿದರೆ ಸಾಕು" ಎಂದು ಫೋಟೋ ಕೂಡ ಕೇಳದೆ ಹಣ ಹಾಕುವ ಗಿರಾಕಿಗಳು ಅವರಿಗಿದ್ದಾರೆ. ಹದೀಸ್ ಓದಿದ ನಾವು ಅವರಿಂದ ಕಲಿಯಬೇಕು.

ಹೊಗಳಿಕೆಯ ವಿಷಯವೂ ಇದೆ. ತಂಗಿಯ ನಂಬರಿನಿಂದ, ನಾದಿನಿಯ ನಂಬರಿನಿಂದ "ಸೂಪರ್ ಕ್ವಾಲಿಟಿ ಆಪಾ" ಎಂದು ಬರೆಸಿ ಅದನ್ನೇ ಸ್ಟೇಟಸ್ಸಿಗೆ ಹಾಕುವುದು ಈಗ ಮಾಮೂಲು. ಕೊಳ್ಳುವ ಮನಸ್ಸಿಲ್ಲದೆ, ಇತರರನ್ನು ಸೆಳೆಯಲೆಂದೇ ಬೆಲೆ ಏರಿಸಿ ಕೂಗುವುದನ್ನು ನಜಶ್ ಎಂದು ಕರೆದು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಸುಳ್ಳು ಮೆಚ್ಚುಗೆ ಅದೇ ಜಾತಿಯದು. ಮೇಲೆ ಹೇಳಿದ 2020ರ ನಿಯಮಗಳಲ್ಲೂ, ಮಾರುವವರು ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯುವುದಕ್ಕೆ ನಿಷೇಧವಿದೆ.

ಇನ್ನು ಬರಕತ್ ಇಲ್ಲ ಎಂಬ ಮಾತು. ಬರಕತ್ ಅಲ್ಲಾಹನ ಕೈಯಲ್ಲಿದೆ, ಸಂಶಯವಿಲ್ಲ. ಆದರೆ ಎಷ್ಟೋ ಸಲ ನಾವು ಬರಕತ್ ಇಲ್ಲ ಎನ್ನುವುದು ಲೆಕ್ಕ ಇಲ್ಲದ್ದಕ್ಕೆ. ಒಂದು ಕುರ್ತಿಯನ್ನು 360 ರೂಪಾಯಿಗೆ ತಂದು 550ಕ್ಕೆ ಮಾರಿದಿರಿ ಎನ್ನಿ. ಮನಸ್ಸು 190 ಉಳಿಯಿತು ಎನ್ನುತ್ತದೆ. ಕೊರಿಯರ್ 60, ಕವರ್ 10 ಕಳೆದರೆ ಉಳಿದದ್ದು 120. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸಿ ಗಿರಾಕಿ ಬಾಗಿಲು ತೆರೆಯದೆ ವಾಪಸ್ ಬಂದರೆ ಹೋಗುವ 60, ಬರುವ 60, ಕವರಿನ 10, ಒಟ್ಟು 130 ಕೈಬಿಟ್ಟಿತು. ತಿಂಗಳಿಗೆ 20 ಪೀಸ್ ಕಳಿಸಿ ಐದು ವಾಪಸ್ ಬಂದರೆ, ಹದಿನೈದರಿಂದ 1800 ಬಂತು, ಐದರಿಂದ 650 ಹೋಯಿತು. ಮನಸ್ಸಿನಲ್ಲಿ 3800 ಇದೆ, ಕೈಯಲ್ಲಿರುವುದು 1150. ಚಿಕ್ಕಪೇಟೆಗೆ ಹೋಗಿಬಂದ ಖರ್ಚು, ಫೋನ್ ರೀಚಾರ್ಜ್ ಇನ್ನೂ ಸೇರಿಲ್ಲ. ಆ 3800 ಎಲ್ಲಿ ಹೋಯಿತೆಂದು ಗಂಡ ಹೆಂಡತಿಯನ್ನು ಕೇಳುತ್ತಾನೆ, ಹೆಂಡತಿಗೂ ಗೊತ್ತಿಲ್ಲ. ಎಷ್ಟು ಮನೆಗಳಲ್ಲಿ ಜಗಳ ಇಲ್ಲಿಂದಲೇ ಹೊತ್ತಿದೆ! ಅರ್ಧ ಹಣವನ್ನಾದರೂ ಮೊದಲೇ ಹಾಕಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಸುಮ್ಮನೆ ಆರ್ಡರ್ ಮಾಡುವವರು ತಾವಾಗಿ ಹಿಂದೆ ಸರಿಯುತ್ತಾರೆ.

ರೇಟು ಇಳಿಸಿ ಗೆಲ್ಲುತ್ತೇನೆ ಎನ್ನುವವರು ನಮ್ಮ ಊರಿನದೇ ಇತಿಹಾಸ ನೋಡಲಿ. 1999ರಲ್ಲಿ ಕೆ. ವೈದೀಶ್ವರನ್ ಮತ್ತು ಗೆಳೆಯರು ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ತೆರೆದರು. ಫ್ಲಿಪ್‌ಕಾರ್ಟ್ ಹುಟ್ಟಿದ್ದು ಅದಾದ ಎಂಟು ವರ್ಷಕ್ಕೆ, 2007ರಲ್ಲಿ. ಇಂಡಿಯಾಪ್ಲಾಜಾ ಎಂದು ಹೆಸರು ಬದಲಿಸಿಕೊಂಡ ಆ ಮೊದಲ ಅಂಗಡಿ, ದೊಡ್ಡ ಬಂಡವಾಳದವರು ಕೊಂಡ ಬೆಲೆಗಿಂತ ಕಡಿಮೆಗೆ ಮಾರುವ ಡಿಸ್ಕೌಂಟ್ ಪೈಪೋಟಿಯಲ್ಲಿ ನಿಲ್ಲಲಾರದೆ 2013ರಲ್ಲಿ ಮುಚ್ಚಿತು. ಅನುಭವ ಉಳ್ಳ, ಓದು ಉಳ್ಳ ಜನರ ಗತಿಯೇ ಹೀಗಾದರೆ, ಹತ್ತು ಕುರ್ತಿ ಇಟ್ಟುಕೊಂಡವರು ಡಿಸ್ಕೌಂಟಿನ ಕಾಳಗಕ್ಕೆ ಇಳಿಯಬಹುದೇ? ಅದೇ ಫ್ಯಾಬ್‌ಮಾರ್ಟಿನ ಗೆಳೆಯರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಆರಂಭಿಸಿದರು ಎಂಬುದೂ ನೆನಪಿರಲಿ. ಒಂದು ಅಂಗಡಿ ಮುಚ್ಚಿದರೆ ರಿಝ್ಕಿನ ಬಾಗಿಲೇ ಮುಚ್ಚಿತೆಂದು ಎದೆಗೆ ಹಚ್ಚಿಕೊಳ್ಳಬೇಕಿಲ್ಲ.

ಮೀಶೋ ಕತೆಯಲ್ಲೂ ಪಾಠವಿದೆ. 2015ರಲ್ಲಿ ಬೆಂಗಳೂರಿನಲ್ಲಿ ವಿದಿತ್ ಆತ್ರೇಯ್ ಮತ್ತು ಸಂಜೀವ್ ಬರ್ನ್‌ವಾಲ್ ಕಟ್ಟಿದ ಈ ಕಂಪನಿ ಬೆಳೆದದ್ದು, ಆಪಿನಿಂದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಿ ತಮ್ಮ ಲಾಭ ಸೇರಿಸಿ ಮಾರುತ್ತಿದ್ದ ಗೃಹಿಣಿಯರ ಬೆನ್ನಿನ ಮೇಲೆ. ಮುಂದೆ ಕಂಪನಿ ಗ್ರಾಹಕರಿಗೆ ನೇರವಾಗಿ ಮಾರುವ ಕಡೆಗೆ ಹೊರಳಿತು. ನಿಮ್ಮ ಗಿರಾಕಿ ಅದೇ ಚಿತ್ರವನ್ನು ತಾನೇ ಆಪಿನಲ್ಲಿ ನೋಡಿ ನಿಮಗಿಂತ ಕಡಿಮೆಗೆ ಕೊಳ್ಳುವಂತಾದ ಮೇಲೆ ನಡುವಿನವರಿಗೆ ಕೆಲಸವೇನು? ಫೋಟೋ ದಾಟಿಸುವ ಕೆಲಸ ಯಾರು ಬೇಕಾದರೂ ಮಾಡುತ್ತಾರೆ. ಅಳತೆ ತಿದ್ದಿ ಕೊಡುವುದು, ತೋಳು ಉದ್ದ ಮಾಡಿ ಕೊಡುವುದು, ಬಟ್ಟೆಯ ಬಗ್ಗೆ ಸತ್ಯ ಹೇಳುವುದು, ಬೇಡವೆಂದರೆ ಮುಖ ಗಂಟಿಕ್ಕದೆ ವಾಪಸ್ ಪಡೆಯುವುದು, ಇವು ಆಪಿನ ಕೈಯಲ್ಲಿ ಆಗುವ ಕೆಲಸವಲ್ಲ. ವ್ಯಾಪಾರ ವರ್ಷಗಟ್ಟಲೆ ನಿಲ್ಲುವುದಾದರೆ ಇದರ ಮೇಲೆಯೇ ನಿಲ್ಲಬೇಕು. ಕೊಂಡವನು ವಿಷಾದಪಟ್ಟಾಗ ವಾಪಸ್ ಪಡೆಯುವ ವ್ಯಾಪಾರಿಯ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಆಶಯದ ಹದೀಸನ್ನು ಅಬೂದಾವೂದ್, ಇಬ್ನು ಮಾಜಾ ಉದ್ಧರಿಸಿದ್ದಾರೆ.

ಮನಸ್ಸಿನ ವಿಷಯ ಉಳಿಯಿತು. ರಾತ್ರಿ ಹನ್ನೆರಡಕ್ಕೆ ಬಂದ ಮೆಸೇಜಿಗೆ ಉತ್ತರಿಸದಿದ್ದರೆ ಗಿರಾಕಿ ಹೋಗಿಬಿಡುತ್ತಾಳೆ ಎಂಬ ಹೆದರಿಕೆ ಎಲ್ಲರಲ್ಲೂ ಇದೆ. ಚಿಕ್ಕಪೇಟೆಯ ದೊಡ್ಡ ಅಂಗಡಿಗಳೂ ರಾತ್ರಿ ಶಟರ್ ಇಳಿಸುತ್ತವೆ, ಅವರ ಗಿರಾಕಿಗಳೇನೂ ಓಡಿಹೋಗಿಲ್ಲ. ಪ್ರವಾದಿವರ್ಯರು(ಸ) ತಮ್ಮ ಸಮುದಾಯದ ಮುಂಜಾನೆಗಳಲ್ಲಿ ಬರಕತ್ ಬೇಡಿ ದುಆ ಮಾಡಿದ್ದಾರೆ. ಆ ಹದೀಸನ್ನು ವರದಿ ಮಾಡಿದ ಸಖ್ರ್ ಅಲ್ ಗಾಮಿದೀ(ರ) ಸ್ವತಃ ವ್ಯಾಪಾರಿ. ತಮ್ಮ ಸರಕನ್ನು ಬೆಳಗಿನಲ್ಲೇ ಹೊರಡಿಸುತ್ತಿದ್ದರು, ಶ್ರೀಮಂತರೂ ಆದರು ಎಂದು ತಿರ್ಮಿದಿ, ಅಬೂದಾವೂದಿನಲ್ಲಿದೆ. ಫಜ್ರ್ ನಂತರ ಪ್ಯಾಕಿಂಗ್, ಮಕ್ಕಳು ಶಾಲೆಗೆ ಹೋದ ಮೇಲೆ ಫೋಟೋ ಮತ್ತು ಉತ್ತರ, ಅಸರ್ ಒಳಗೆ ಕೊರಿಯರ್, ಇಶಾ ನಂತರ ಬೀಗ. ಈ ವೇಳೆಯನ್ನು ಗ್ರೂಪಿನ ತಲೆಯಲ್ಲೇ ಬರೆದು ಹಾಕಿ. ಆಗುವುದಾದರೆ ವ್ಯಾಪಾರಕ್ಕೆ ಬೇರೆ ಸಿಮ್, ಹಳೆಯ ಫೋನೊಂದನ್ನು ಇಟ್ಟುಕೊಳ್ಳಿ. ರಾತ್ರಿ ಅದು ಅಡುಗೆಮನೆಯ ಶೆಲ್ಫಿನಲ್ಲಿ ಮಲಗಲಿ, ನಿಮ್ಮ ದಿಂಬಿನ ಕೆಳಗಲ್ಲ.

ಮನಸ್ಸನ್ನು ಕೆಡಿಸುವ ಇನ್ನೊಂದು ವಸ್ತು ಮತ್ತೊಬ್ಬರ ಸ್ಕ್ರೀನ್‌ಶಾಟ್. "ಇಂದು ಹದಿನೈದು ಆರ್ಡರ್, ಅಲ್‌ಹಮ್ದುಲಿಲ್ಲಾಹ್" ಎಂದು ಪಕ್ಕದ ಬೀದಿಯವರು ಹಾಕುತ್ತಾರೆ. ಹದಿನೈದರಲ್ಲಿ ಎಷ್ಟು ವಾಪಸ್ ಬಂತೆಂದು ಯಾರೂ ಸ್ಟೇಟಸ್ ಹಾಕುವುದಿಲ್ಲ. ಈ ಹೊಟ್ಟೆಕಿಚ್ಚು, ಈ ಅವಸರ ಎಲ್ಲಿಗೆ ಒಯ್ಯುತ್ತದೆಂಬುದನ್ನು ಬೆಂಗಳೂರಿನ ಮುಸ್ಲಿಮರಿಗೆ ಬೇರೆಯವರು ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಕುಸಿದಾಗ, ಹಲಾಲ್ ಲಾಭದ ಹೆಸರು ನಂಬಿ ಮದುವೆಗೆ ಇಟ್ಟ ಹಣ, ನಿವೃತ್ತಿಯ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದು ನಿಂತಿದ್ದನ್ನು ನೋಡಿದ್ದೇವೆ. ಈಗ ಅದೇ ಆಸೆ ಫೋನಿನಲ್ಲಿ ಬೇರೆ ವೇಷದಲ್ಲಿ ಬರುತ್ತಿದೆ. ಮನೆಯಲ್ಲಿ ಕುಳಿತು ದಿನಕ್ಕೆ ಐದು ಸಾವಿರ, ವೀಡಿಯೋಗೆ ಲೈಕ್ ಒತ್ತಿದರೆ ಹಣ, ಮೊದಲು ಸ್ವಲ್ಪ ಡಿಪಾಸಿಟ್ ಇಡಿ ಎನ್ನುತ್ತಾರೆ. ಆನ್‌ಲೈನ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ವ್ಯಾಪಾರವಲ್ಲ. ಸರಕೂ ಇಲ್ಲದೆ, ಸೇವೆಯೂ ಇಲ್ಲದೆ ಹಣ ಬರುತ್ತದೆಂದರೆ ಅದು ಇನ್ನೊಬ್ಬರ ಜೇಬಿನಿಂದ ಬರುತ್ತಿದೆ, ನಾಳೆ ನಿಮ್ಮ ಜೇಬಿನಿಂದ ಹೋಗುತ್ತದೆ. ಕಡಿಮೆಯಾದರೂ ನಿರಂತರವಾಗಿರುವ ಕರ್ಮ ಅಲ್ಲಾಹನಿಗೆ ಪ್ರಿಯ ಎಂಬ ಹದೀಸನ್ನು ನಾವು ನಫಿಲ್ ನಮಾಝಿಗೆ ಮಾತ್ರ ಹೇಳಿಕೊಳ್ಳುತ್ತೇವೆ. ತಿಂಗಳಿಗೆ ಹದಿನೈದು ಕುರ್ತಿಯನ್ನು ಐದು ವರ್ಷ ಪ್ರಾಮಾಣಿಕವಾಗಿ ಮಾರುವುದಕ್ಕೂ ಅದನ್ನು ಏಕೆ ಹೇಳಿಕೊಳ್ಳಬಾರದು?

ಹಾಗಾದರೆ ಬಿಡಬೇಕೇ? ಬೇಡ. ಗ್ರೂಪಿನಲ್ಲಿ ತಿಳಿಸಿ ಹತ್ತು ದಿನ ಹೊಸ ಆರ್ಡರ್ ನಿಲ್ಲಿಸಿ, ಮನೆಯಲ್ಲಿರುವುದನ್ನೆಲ್ಲ ಎಣಿಸಿ. ಕೊಡಬೇಕಾದದ್ದು, ಬರಬೇಕಾದದ್ದು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಪತಿಯ ಜೊತೆ ಕುಳಿತು ಬರೆಯಿರಿ. ಝಕಾತಿಗಾಗಿ ಹೇಗೂ ವರ್ಷಕ್ಕೊಮ್ಮೆ ಈ ಎಣಿಕೆ ಆಗಲೇಬೇಕು. ಮಾರಾಟಕ್ಕೆಂದು ಇಟ್ಟ ಸರಕಿಗೂ ನಿಸಾಬ್ ಮುಟ್ಟಿದರೆ ಶೇಕಡಾ ಎರಡೂವರೆ ಝಕಾತ್ ಇದೆ ಎಂಬುದು ಮನೆಯಿಂದ ಮಾರುವ ಅನೇಕರಿಗೆ ಹೊಳೆದೇ ಇಲ್ಲ. ಚಿನ್ನದ್ದು ಕೊಡುತ್ತಾರೆ, ಬೀರುವಿನಲ್ಲಿ ಮಡಚಿಟ್ಟ ನಲವತ್ತು ಕುರ್ತಿ ಮರೆಯುತ್ತಾರೆ.

ಸರ್ಕಾರದ ಲೆಕ್ಕವನ್ನೂ ಇದೇ ನೋಟ್‌ಬುಕ್ಕಿನಲ್ಲಿ ನೋಡಿಕೊಳ್ಳಬಹುದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದು ಹಾಕಿದ್ದು ನೆನಪಿರಬಹುದು. ಬಂಧುಗಳು ಕಳಿಸಿದ್ದು, ಕೈಸಾಲ ಮರಳಿ ಬಂದದ್ದು ಎಲ್ಲವೂ ವ್ಯಾಪಾರದ ಲೆಕ್ಕಕ್ಕೆ ಸೇರಿದೆ ಎಂದು ಅನೇಕರು ದೂರಿದರು. ಆದ್ದರಿಂದ ಮನೆಗೂ ವ್ಯಾಪಾರಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇರಲಿ. ಕರ್ನಾಟಕದೊಳಗೆ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಆಪುಗಳ ಮೂಲಕ ಮಾರುವ ಸಣ್ಣವರಿಗೂ, ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ, ಈ ರಿಯಾಯಿತಿ ಸಿಕ್ಕಿದೆ. ಹೊರರಾಜ್ಯದ ವಿಷಯ ಬೇರೆ. ಕೆಂಗೇರಿಯಿಂದ ಚೆನ್ನೈಗೆ ಒಂದು ಕುರ್ತಿ ಮಾರಿದರೂ ನೋಂದಣಿ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಪಾರ್ಸೆಲ್ ಕಳಿಸುತ್ತಿದ್ದಾರೆ.

ಕರಕುಶಲ ವಸ್ತುಗಳನ್ನು ನೇರವಾಗಿ ಹೊರರಾಜ್ಯಕ್ಕೆ ಮಾರುವ ಸಣ್ಣವರಿಗೆ ಇದರಿಂದ ವಿನಾಯಿತಿ ಇದೆ, ಮಿತಿಯೊಳಗೆ, ಪಾನ್ ಕಾರ್ಡ್ ಮತ್ತು ಇ-ವೇ ಬಿಲ್ಲಿನ ಶರತ್ತಿನ ಮೇಲೆ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ. ಅಲ್ಲಿನ ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಮಾಡುವವರಲ್ಲಿ ನಮ್ಮ ಜನ ಬಹಳ. ಬಟ್ಟೆಯ ನೂಕುನುಗ್ಗಲಿನಲ್ಲಿ ದಣಿದವರು ಒಮ್ಮೆ ಆ ಕಡೆ ಹೋಗಿ ನೋಡಬಹುದು. ಪಾರ್ಸೆಲ್ ಕಟ್ಟುವ ಮೊದಲು ಒಬ್ಬ ತೆರಿಗೆ ಸಲಹೆಗಾರರ ಬಳಿ ಅರ್ಧ ಗಂಟೆ ಕುಳಿತು, ನಿಮ್ಮ ಸರಕು ಆ ಪಟ್ಟಿಯಲ್ಲಿದೆಯೇ ಎಂದು ಕೇಳಿಕೊಳ್ಳಿ.